ಅಂಗವಿಕಲ ಯೋಧರ ಮನೆಸಾಲ: ಬಡ್ಡಿಗಿಂತ ಜಾಮೀನೇ ಕಷ್ಟ

ಸದಸ್ಯ ಬಾಂಧವರಲ್ಲಿ ಸೇನೆಯಲ್ಲಿ ದುಡಿದು ತೋಟಕ್ಕೆ ಮರಳಿದವರು ಸಾಕಷ್ಟು ಮಂದಿ ಇದ್ದಾರೆ. ಅವರಲ್ಲಿ ಗಾಯಗೊಂಡು ಬಂದವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಕಾಫಿ ಮಂಡಳಿಯ ಕೆಲಸದ ನಿಮಿತ್ತ ಬೆಂಗಳೂರಿಗೆ ಹೋದಾಗ ನಮ್ಮ ಸದಸ್ಯರೊಬ್ಬರು ಜೊತೆಗಿದ್ದರು. ಅವರು ಮಾಜಿ ಹವಾಲ್ದಾರರು. 2002ರಲ್ಲಿ ಪಶ್ಚಿಮ ಗಡಿಯಲ್ಲಿ ನೆಲಬಾಂಬು ಸಿಡಿದು ಅವರ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಕಾಲು ಹಾಕಿಸಿಕೊಂಡು ಬಂದು, ಅಂದಿನಿಂದ ಮೂರು ಎಕರೆ ಕಾಫಿ, ಸ್ವಲ್ಪ ಅಡಿಕೆ ನೋಡಿಕೊಂಡಿದ್ದಾರೆ. ಮಂಡಳಿಯ ಕೆಲಸ ಬೇಗ ಮುಗಿಯಿತು. ಮನೆಗೆ ಒಣಹಣ್ಣು ಬೇಕಿತ್ತು, ಶಿವಾಜಿನಗರಕ್ಕೆ ಹೋದೆವು.

ರಸೆಲ್ ಮಾರುಕಟ್ಟೆ ದಂಡಿನ ಮಾರುಕಟ್ಟೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಹೂಡಿದ ಮೇಲೆ ಬೆಳೆದ ಪೇಟೆಯಲ್ಲಿ 1927ರಲ್ಲಿ ಈ ಕಟ್ಟಡ ಎದ್ದಿತು. ಆಗಿನ ಪುರಸಭೆಯ ಕಮಿಷನರ್ ಟಿ. ಬಿ. ರಸೆಲ್ ಅವರ ಹೆಸರು ಅದಕ್ಕೆ ಬಂತು. 2012ರ ಬೆಂಕಿಯಲ್ಲಿ ಎಷ್ಟೋ ಅಂಗಡಿಗಳು ಸುಟ್ಟವು. ಆದರೂ ಹೂವು, ಹಣ್ಣು, ಮಾಂಸ, ಮೀನು ಎಲ್ಲವೂ ಒಂದೇ ಆವರಣದಲ್ಲಿ ಸಿಗುವ ಆ ಗದ್ದಲ ಹಾಗೆಯೇ ಇದೆ.

ಮೀನಿನ ಸಾಲಿನ ಬಳಿ ನೆಲವೆಲ್ಲ ನೀರು. ನಾನು ಅವರ ತೋಳು ಹಿಡಿಯಲು ಹೋದೆ. ಅವರು ನಕ್ಕರು. “ಬೇಡ ಸಾರ್. ಇಲ್ಲಿ ಹುಷಾರಾಗಿ ಕಾಲಿಡ್ತೀನಿ, ಬೀಳೋದಿಲ್ಲ. ಮನೆ ಬಚ್ಚಲಲ್ಲೇ ಎರಡು ಸಲ ಬಿದ್ದೆ” ಎಂದರು. ಅವರ ಮನೆ ನಾನು ಕಂಡದ್ದೇ. ಎತ್ತರದ ಮೆಟ್ಟಿಲು, ಕೋಣೆ ಕೋಣೆಗೂ ಗೇಣೆತ್ತರದ ಹೊಸ್ತಿಲು, ಅಂಗಳ ದಾಟಿ ಬಚ್ಚಲು. ಮಳೆಗಾಲದ ರಾತ್ರಿ ಕೃತಕ ಕಾಲು ಕಳಚಿಟ್ಟ ಮೇಲೆ ಅಲ್ಲಿಗೆ ಹೋಗುವುದು ಹೇಗೆಂದು ಅಷ್ಟು ವರ್ಷ ನಾನು ಯೋಚಿಸಿರಲಿಲ್ಲ. ಮೆಟ್ಟಿಲಿಲ್ಲದ ಎರಡು ಕೋಣೆ, ಹಿಡಿಕೆ ಹಾಕಿದ ಬಚ್ಚಲು ಕಟ್ಟಿಸಬೇಕೆಂಬುದು ಅವರ ಆಸೆ. ಸಾಲ ಮಾತ್ರ ಸಿಕ್ಕಿರಲಿಲ್ಲ.

ಸರಕಾರದ ನೆರವಿಲ್ಲವೆಂದಲ್ಲ. ಯುದ್ಧದಲ್ಲಿ ಅಂಗವಿಕಲರಾದವರು, ಮಡಿದವರ ಕುಟುಂಬದವರು, ಶಾಂತಿಕಾಲದಲ್ಲಿ ಸೇವೆಯ ಕಾರಣದಿಂದಲೇ ಗಾಯಗೊಂಡವರು ಮನೆ ಕಟ್ಟಲು ಬ್ಯಾಂಕಿನಿಂದ ಸಾಲ ಪಡೆದರೆ ಅದರ ಅರ್ಧ ಬಡ್ಡಿಯನ್ನು ಹಿಂದಿರುಗಿಸುವ ಯೋಜನೆಯನ್ನು ಕೇಂದ್ರೀಯ ಸೈನಿಕ ಬೋರ್ಡ್ 1991ರಲ್ಲಿ ಆರಂಭಿಸಿತು. ಲೆಕ್ಕಕ್ಕೆ ಹಿಡಿಯುವ ಸಾಲ ಒಂದು ಲಕ್ಷ ರೂಪಾಯಿವರೆಗೆ. ಶೇ. 9ರ ಬಡ್ಡಿ ಎಂದಿಟ್ಟುಕೊಂಡರೆ ವರ್ಷಕ್ಕೆ 9,000 ರೂಪಾಯಿ, ಕೈಗೆ ಬರುವುದು 4,500. 1991ರಲ್ಲಿ ಒಂದು ಲಕ್ಷಕ್ಕೆ ಹಳ್ಳಿಯಲ್ಲಿ ಮನೆಯೇ ಆಗುತ್ತಿತ್ತು. ಇಂದು ತಳಪಾಯ ಮುಗಿದರೆ ಹೆಚ್ಚು. ಆದರೂ ಬಿಡಬಾರದು. ಸಂದ ಬಡ್ಡಿಯನ್ನೇ ಹಿಂದಿರುಗಿಸುವುದರಿಂದ ಬ್ಯಾಂಕಿನ ರಸೀತಿಗಳನ್ನು ಜೋಪಾನವಾಗಿಡಬೇಕು, ಅರ್ಜಿಯನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕೊಡಬೇಕು. ಸಂಘದಿಂದ ಸಾಲ ಎತ್ತುವವರು, ಅದು ಈ ಲೆಕ್ಕಕ್ಕೆ ಬರುತ್ತದೆಯೇ ಎಂದು ಮೊದಲೇ ಅಲ್ಲಿ ಕೇಳಿಕೊಳ್ಳಿ.

ಆದರೆ ಬಡ್ಡಿಯ ಮಾತು ಬರುವುದು ಸಾಲ ಮಂಜೂರಾದ ಮೇಲೆ. ನಮ್ಮ ಹವಾಲ್ದಾರರ ಪಿಂಚಣಿ ತಿಂಗಳು ತಪ್ಪದೆ ಬರುತ್ತದೆ. ಆದರೆ 1871ರ ಪಿಂಚಣಿ ಕಾಯಿದೆಯ ಪ್ರಕಾರ ಅದನ್ನು ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲ. ಯೋಧನ ರಕ್ಷಣೆಗೆಂದು ಮಾಡಿದ ಈ ಕಟ್ಟಳೆಯಿಂದಲೇ ಬ್ಯಾಂಕು ಭೂಮಿಯ ಆಧಾರ ಕೇಳುತ್ತದೆ. ಅವರದ್ದು ಜಮ್ಮಾ ಭೂಮಿ. ಪಹಣಿಯಲ್ಲಿ ಎಂದೋ ತೀರಿಕೊಂಡ ಅಜ್ಜನ ಹೆಸರು, ಹಕ್ಕು ಇಡೀ ಒಕ್ಕದ್ದು. ಬ್ಯಾಂಕಿನವರು ಗೌರವದಿಂದಲೇ ಕೂರಿಸಿ, ಕಾಫಿ ಕೊಟ್ಟು, ಕಾಗದ ವಾಪಸು ಕೊಟ್ಟರಂತೆ. ಅವರನ್ನು ದೂರಲಾರೆ. ಇಬ್ಬರು ಜಾಮೀನುದಾರರಿಲ್ಲದೆ ಅರ್ಜಿ ಮುಟ್ಟದ ಕಾರ್ಯದರ್ಶಿಗಳಲ್ಲಿ ನಾನೂ ಒಬ್ಬ.

ಅಮೆರಿಕದಲ್ಲಿ ಈ ಗಂಟನ್ನು ಬೇರೆ ರೀತಿ ಬಿಡಿಸಿದರು. 1944ರ ಕಾಯಿದೆಯಲ್ಲಿ ಸರಕಾರವೇ ಮರಳಿ ಬಂದ ಯೋಧರ ಜಾಮೀನುದಾರನಾಯಿತು. ಸಾಲ ಕೊಡುವುದು ಬ್ಯಾಂಕು. ಅದರ ಅರ್ಧಕ್ಕೆ, ಮೊದಲಿಗೆ 2,000 ಡಾಲರ್ ಮಿತಿಯೊಳಗೆ, ಸರಕಾರದ ಖಾತರಿ. 1948ರಲ್ಲಿ, ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದವರಿಗೆ ಹೊಂದುವಂಥ ಮನೆಗಾಗಿ ಅರ್ಧ ವೆಚ್ಚ, 10,000 ಡಾಲರ್‌ವರೆಗೆ, ಸಹಾಯಧನವಾಗಿಯೇ ಕೊಟ್ಟರು. ಶ್ರೀಮಂತ ದೇಶ, ನಿಜ. ಆದರೆ ಖಾತರಿ ನಿಲ್ಲಲು ಸಾಲದಷ್ಟು ಹಣ ಕೈಯಲ್ಲಿ ಬೇಕಿಲ್ಲ. ಸಾಲ ಮುರಿದಾಗ ಮಾತ್ರ ತೆರಬೇಕು. ಪ್ರತಿ ಡಿಸೆಂಬರ್ 7ರಂದು ಧ್ವಜ ದಿನಾಚರಣೆಯ ಡಬ್ಬಿಗೆ ನಾವೆಲ್ಲ ಕಾಸು ಹಾಕುತ್ತೇವೆ. ಆ ಉತ್ಸಾಹದ ಒಂದು ಪಾಲು ಇಂಥ ಖಾತರಿಯನ್ನು ಕೇಳುವುದರಲ್ಲೂ ಇರಬೇಕೆಂದು ನನ್ನ ಅಭಿಪ್ರಾಯ. ಮುಂದಿನ ಮಹಾಸಭೆಯಲ್ಲಿ ಈ ಬಗ್ಗೆ ಒಂದು ಠರಾವು ತರಲಿದ್ದೇನೆ. ವಿರೋಧವಿದ್ದವರು ಅಲ್ಲಿ ಬಂದು ಹೇಳಲಿ.

ಮಾರುಕಟ್ಟೆಯಿಂದ ಆಟೋ ಹಿಡಿದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯ ಸೈನಿಕ ಕಲ್ಯಾಣ ಇಲಾಖೆಗೆ ಹೋದೆವು. ಜಿಲ್ಲಾ ಕಚೇರಿಯ ಮೂಲಕವೇ ಬರಬೇಕೆಂದು ತಿಳಿಸಿದರು. ಮರುವಾರ ಮಡಿಕೇರಿಗೆ ಹೋಗಿ ಬಂದದ್ದಾಯಿತು. ಬ್ಯಾಂಕು ಈಗ ಒಕ್ಕದವರೆಲ್ಲರ ಒಪ್ಪಿಗೆ ಪತ್ರ ಕೇಳಿದೆ. ಹನ್ನೊಂದು ಸಹಿ ಬೇಕು, ಒಂಬತ್ತು ಆಗಿವೆ. ಉಳಿದ ಇಬ್ಬರು ಹುತ್ತರಿಗೆ ಊರಿಗೆ ಬರುತ್ತಾರೆ.