ಮೆತ್ತಗೆ ಆಡಿರಿ, ಗಟ್ಟಿಯಾಗಿ ನಿಲ್ಲಿರಿ



ಬೆಳೆಗೆ ಹಂದಿ ಬಂದರೆ ಊರೆಲ್ಲ ಕೇಳುವಂತೆ ಕೂಗುವ ಗಂಟಲು, ಕಚೇರಿಯ ಮೇಜಿನ ಮುಂದೆ ಏಕೆ ಒಣಗುತ್ತದೆ? ದಾಂಡೇಲಿ ಬಳಿಯ ಅಂಬೇವಾಡಿಯ ಕಡೆ ಇದಕ್ಕೆ ಇನ್ನೊಂದು ಕಾರಣವೂ ಉಂಟು. ಒಂದು ಮನೆಯಲ್ಲಿ ಕನ್ನಡ, ಇನ್ನೊಂದರಲ್ಲಿ ಕೊಂಕಣಿ, ಮತ್ತೊಂದರಲ್ಲಿ ಮರಾಠಿ ಇಲ್ಲವೆ ಉರ್ದು. ‘ನನ್ನ ಮಾತು ಕೇಳಿ ನಕ್ಕಾರು’ ಎಂಬ ಅಳುಕಿನಿಂದಲೇ ಎಷ್ಟೋ ಜನ ಸುಮ್ಮನಿರುತ್ತಾರೆ. ಆದರೆ ಸುಮ್ಮನಿದ್ದವನು ಒಪ್ಪಿದ ಎಂದೇ ಲೋಕ ತಿಳಿಯುತ್ತದೆ. ನಷ್ಟವಾಗುವುದು ಅಲ್ಲಿಯೇ.

ಧೈರ್ಯದ ಮಾತೆಂದರೆ ಜಗಳವಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿಲ್ಲವೇ? ಆಗಿದ್ದೇನು, ನನಗೆ ಬೇಕಾದ್ದೇನು, ಯಾವಾಗ ಬೇಕು — ಈ ಮೂರನ್ನು ಹೇಳಿದರೆ ಸಾಕು. ಭಾಷೆ ಹರಕು ಮುರುಕಾದರೂ ಚಿಂತೆಯಿಲ್ಲ.

ಆದಾಯದ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಿದ್ದೀರಿ ಎನ್ನೋಣ. ‘ಸಾಹೇಬ್ರ, ನಂದೊಂದು ಕಾಗದ ಇತ್ರಿ, ಆಮ್ಯಾಲೆ ಬರ್ಲೇನ್ರಿ?’ ಎಂದರೆ ‘ಬಾ’ ಎನ್ನುತ್ತಾರೆ. ನೀವು ಮತ್ತೆ ಬರುತ್ತೀರಿ, ಮತ್ತೆ ಹೋಗುತ್ತೀರಿ. ಅದರ ಬದಲು, ‘ಸಾಹೇಬ್ರ, ಅರ್ಜಿ ಕೊಟ್ಟೀನ್ರಿ, ಸ್ವೀಕೃತಿ ಚೀಟಿ ಇಲ್ಲೈತ್ರಿ. ಯಾವ ತಾರೀಖಿಗೆ ಸಿಗತೈತಿ ಹೇಳ್ರಿ’ ಎನ್ನಿರಿ. 2011ರ ಸಕಾಲ ಕಾಯದೆಯಲ್ಲಿ ಇಂಥ ಸೇವೆಗಳಿಗೆ ದಿನದ ಗಡುವು ಉಂಟು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳಲು ಬರುತ್ತದೆ. ಆದ್ದರಿಂದ ಚೀಟಿ ಪಡೆಯದೆ ಹಿಂದಿರುಗಬೇಡಿರಿ.

ಹಳಿಯಾಳದ ಕಡೆ ಕಬ್ಬು ಬೆಳೆಯುವವರಿಗೂ ಇದೇ ಮಾತು. ತೂಕದ ಚೀಟಿಯನ್ನು ಅಲ್ಲಿಯೇ ಓದಿಸಿ ನೋಡಿರಿ. ಬೇರೆ ಕರಾರು ಇಲ್ಲದಿದ್ದರೆ ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಬೇಕು ಎಂಬುದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಬರೆದದ್ದು. ಕೇಳುವುದು ನಮ್ಮ ದುಡಿಮೆಯನ್ನು, ದಾನವನ್ನಲ್ಲ. ಒಬ್ಬರೇ ಆಡಲು ಅಂಜಿಕೆಯಾದರೆ ನಾಲ್ವರು ಕೂಡಿ ಹೋಗಿರಿ, ಒಬ್ಬರು ಮಾತಾಡಿರಿ.

ಎಲ್ಲಕ್ಕಿಂತ ಕಷ್ಟದ್ದು ನಮ್ಮವರಿಗೆ ‘ಇಲ್ಲ’ ಎನ್ನುವುದು. ಸೋದರಮಾವ ಬಂದು, ‘ಸೊಸೈಟಿ ಸಾಲಕ್ಕ ಒಂದು ಜಾಮೀನು ಸಹಿ ಹಾಕೋ, ಬರೇ ಹೆಸರಿಗೆ’ ಎನ್ನುತ್ತಾನೆ. ಹೆಸರಿಗಷ್ಟೇ ಎಂಬ ಜಾಮೀನು ಇಲ್ಲ. 1872ರ ಕರಾರು ಕಾಯದೆಯಂತೆ, ಬೇರೆ ಬರೆಯದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಆತ ಕಟ್ಟದಿದ್ದರೆ ವಸೂಲಿ ನಿಮ್ಮ ಬಾಗಿಲಿಗೆ ಬರುತ್ತದೆ. ಹಾಗಾದರೆ ಹೇಗೆ ಹೇಳುವುದು? ‘ಮಾಮಾ, ನಿನ್ನ ಮ್ಯಾಲೆ ನನಗ ಅಪನಂಬಿಕೆ ಇಲ್ಲ. ಆದ್ರ ಅಷ್ಟು ಹೊಣೆ ಹೊರೋ ಶಕ್ತಿ ನನಗಿಲ್ಲ, ಸಹಿ ಹಾಕಂಗಿಲ್ಲ. ನಾಟಿಗೆ ಎರಡು ದಿನ ಆಳಾಗಿ ಬರ್ತೀನಿ.’ ಇಲ್ಲಿ ಮಾವನ ಮರ್ಯಾದೆಯೂ ಉಳಿಯಿತು, ಮನೆಯೂ ಉಳಿಯಿತು. ಸುಳ್ಳು ನೆಪ ಮಾತ್ರ ಹೇಳಬೇಡಿರಿ. ನೆಪ ತೀರಿದ ಮರುದಿನ ಅದೇ ಕಾಗದ ಮತ್ತೆ ಬರುತ್ತದೆ.

ತಾಯಂದಿರೇ, ಈ ಪಾಠ ಮನೆಯೊಳಗೂ ಬೇಕು. ‘ಎಮ್ಮಿ ಮಾರೋಕ್ಕಿಂತ ಮೊದಲ ನನ್ನನ್ನೂ ಕೇಳ್ರಿ, ದಿನಾ ಹಾಲು ಹಿಂಡೋಕಿ ನಾನು’ ಎಂದು ಶಾಂತವಾಗಿ ಹೇಳಿದರೆ ಅದು ಎದುರಾಡಿದಂತಲ್ಲ. ಯಜಮಾನರೂ ಕಿವಿಗೊಡಬೇಕು. ಎಮ್ಮೆಯ ಹಾಲೆಷ್ಟು, ಹಿಂಡಿಯ ಖರ್ಚೆಷ್ಟು ಎಂಬ ಲೆಕ್ಕ ಆಕೆಯ ಬಳಿಯೇ ಇರುತ್ತದೆ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾಯದೆ ಉಂಟು. ಈ ಸಲ ಹೋಗುವ ಮುನ್ನ, ಹೇಳಬೇಕಾದ ಒಂದೇ ಮಾತನ್ನು ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಆಡಿ ನೋಡಿರಿ. ಸಭೆಯಲ್ಲಿ ಎದ್ದು ನಿಂತು ಹೆಸರು ಹೇಳಿ, ಆ ಮಾತು ಆಡಿರಿ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದ ಮೇಲೆಯೇ ಕುಳಿತುಕೊಳ್ಳಿರಿ.