ಐನೂರಕ್ಕೆ ಮುಗಿಯಿತೆಂದುಕೊಂಡ ಢಿಕ್ಕಿ

ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಳಿಗ್ಗೆ ಹತ್ತೂವರೆ ಎಂದರೆ ಕೇಳಬೇಕೆ? ಒಂದು ಕಡೆ ಮೂಟೆ ಇಳಿಸುವ ಲಾರಿ, ಇನ್ನೊಂದು ಕಡೆ ತಳ್ಳುಗಾಡಿ, ನಡುವೆ ಸಿಕ್ಕ ಸಂದಿಯಲ್ಲಿ ಆಟೋ, ಸ್ಕೂಟರು, ಜೊತೆಗೆ ಯಾರಿಗೂ ಸೇರದ ಎರಡು ದನ. ಇಂಥ ಹೊತ್ತಿನಲ್ಲಿ ಕಿರಾಣಿ ಅಂಗಡಿಯ ಯಜಮಾನರೊಬ್ಬರು ಆರು ವರ್ಷದ ತಮ್ಮ ಸಣ್ಣ ಕಾರನ್ನು ರಸ್ತೆಗೆ ಇಳಿಸಿದರು. ಎಡಗಡೆ ನೋಡಿದರು, ಬಲಗಡೆ ನೋಡಲಿಲ್ಲ. ಆಟೋ ಬಂತು. ಢಬ್!

ಆಗಿದ್ದು ದೊಡ್ಡದೇನಲ್ಲ. ಕಾರಿನ ಬಂಪರ್ ಜೋತುಬಿತ್ತು, ಒಂದು ಹೆಡ್‌ಲೈಟ್ ಪುಡಿಯಾಯಿತು, ಮಡ್‌ಗಾರ್ಡ್ ಒಳಕ್ಕೆ ಹೋಯಿತು. ಆಟೋದ ಮೂತಿ ಸೊಟ್ಟಗಾಯಿತು. ಜನ ಸೇರಿದರು. ಇಂಥ ಜಾಗದಲ್ಲಿ ಪಂಚಾಯ್ತಿ ಮಾಡಲು ಯಾರನ್ನೂ ಕರೆಯಬೇಕಿಲ್ಲ, ಐದು ನಿಮಿಷದಲ್ಲಿ ತೀರ್ಪು ಬಂತು. ಯಜಮಾನರು "ತಪ್ಪು ನಂದೇ ಬಿಡಪ್ಪಾ" ಎಂದು ಐನೂರರ ನೋಟು ಕೊಟ್ಟರು. ಆಟೋದವ ಮಣಿಕಟ್ಟು ಒತ್ತಿಕೊಳ್ಳುತ್ತಲೇ ಜೇಬಿಗಿಟ್ಟ. ಎಲ್ಲರೂ ಟೀ ಕುಡಿಯಲು ಹೋದರು.

ಮೂರನೇ ದಿನ ಆಟೋದವ ಕೈಗೆ ಪಟ್ಟಿ ಕಟ್ಟಿಕೊಂಡು ಅಂಗಡಿ ಮುಂದೆ ನಿಂತ. ಮೂಳೆ ಸಣ್ಣಗೆ ಸೀಳಿದೆ, ಮೂರು ವಾರ ಗಾಡಿ ಓಡಿಸಬಾರದು ಎಂದಿದ್ದಾರೆ ಡಾಕ್ಟರು. ಜಗಳಕ್ಕೆ ಬಂದವನಲ್ಲ. "ಮೂರು ವಾರದ ದುಡಿಮೆ ಹೋತ್ರೀ, ಏನ್ ಮಾಡ್ಲಿ?" ಎಂದು ಕೇಳಿದ. ಯಜಮಾನರಿಗೆ ಆಗ ನೆನಪಾಗಿದ್ದು ಇನ್ಶೂರೆನ್ಸ್.

ಏಜೆಂಟರು ಬಂದವರೇ ತಲೆ ಚಚ್ಚಿಕೊಂಡರು. ಪಾಲಿಸಿಯ ಸಣ್ಣ ಅಕ್ಷರ ಓದುವವರು ಯಾರು? ಅದರಲ್ಲಿ ಸ್ಪಷ್ಟವಾಗಿದೆ: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳುವಂತಿಲ್ಲ, ಹಣ ಕೊಡುವಂತಿಲ್ಲ, ಕೊಡುತ್ತೇನೆಂದು ಮಾತೂ ಕೊಡುವಂತಿಲ್ಲ. ಯಜಮಾನರು ಮೂರನ್ನೂ ಐದೇ ನಿಮಿಷದಲ್ಲಿ ಮುಗಿಸಿದ್ದರು, ಅದೂ ಮೂವತ್ತು ಸಾಕ್ಷಿಗಳ ಮುಂದೆ. ಕಾನೂನಿನದು ಇನ್ನೊಂದು. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಯಾರಿಗಾದರೂ ಪೆಟ್ಟಾದರೆ, ಪರರ ಆಸ್ತಿ ಹಾಳಾದರೆ, ಚಾಲಕ ಮೊದಲು ಚಿಕಿತ್ಸೆಗೆ ವ್ಯವಸ್ಥೆ ಮಾಡಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ಬರಹದಲ್ಲಿ ಹೇಳಬೇಕು. ಇಲ್ಲಿ ಆಗಲೇ ಎಪ್ಪತ್ತು ಗಂಟೆ ದಾಟಿತ್ತು.

ಹಾಗಂತ ಬಾಗಿಲು ಮುಚ್ಚಿಹೋಗಿರಲಿಲ್ಲ. ತಡವಾಗಿ ತಿಳಿಸಿದ್ದಕ್ಕೆ ತಕ್ಕ ಕಾರಣವಿದ್ದರೆ, ಬರೀ ತಡವಾಯಿತು ಅನ್ನುವ ಒಂದೇ ನೆಪದಲ್ಲಿ ಕ್ಲೇಮ್ ತಳ್ಳಿಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರಿನಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ಯಜಮಾನರು ಅವತ್ತೇ ಠಾಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟರು, ಐನೂರು ಕೊಟ್ಟಿದ್ದನ್ನೂ ಸೇರಿಸಿ. ಕಂಪನಿಗೂ ಅದನ್ನೇ ಬರೆದರು. ಪುಣ್ಯಕ್ಕೆ ಲೈಸೆನ್ಸ್, ಆರ್‌ಸಿ, ಪಾಲಿಸಿ ಮೂರೂ ಚಾಲ್ತಿಯಲ್ಲಿದ್ದವು.

ಆಟೋದವನ ಕಡೆ ನೋಡಿದರೆ ಪಾಪ ಅನಿಸುತ್ತದೆ. ಅವನ ಬಳಿ ಇದ್ದದ್ದು ಥರ್ಡ್ ಪಾರ್ಟಿ ಪಾಲಿಸಿ ಮಾತ್ರ. ಅದು ಅವನಿಂದ ಬೇರೆಯವರಿಗಾದ ನಷ್ಟಕ್ಕೆ. ಅವನದೇ ಆಟೋದ ಸೊಟ್ಟ ಮೂತಿಗೆ ಅದರಿಂದ ಕಾಸೂ ಹುಟ್ಟುವುದಿಲ್ಲ. ಅವನು ಕೇಳಬೇಕಾದದ್ದು ಕಾರಿನ ಕಂಪನಿಯನ್ನು, ಅದೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ. ಮೂರು ವಾರದ ದುಡಿಮೆಗೆ ಎಷ್ಟು ತಿಂಗಳು ಅಲೆದಾಟ? ಅವನು ಕೇಳಿದ್ದೂ ಅದನ್ನೇ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಅಪಘಾತದ ಸುದ್ದಿ ತಿಳಿದ ಕಂಪನಿ ಒಬ್ಬ ಅಧಿಕಾರಿಯನ್ನು ನೇಮಿಸಿ ರಾಜಿ ಮೊತ್ತವನ್ನು ತಾನೇ ಮುಂದಿಡಬೇಕು. ಆದರೆ ಸುದ್ದಿ ತಿಳಿದರೆ ತಾನೆ? ಯಜಮಾನರು ತಡಮಾಡಿ ಬರೆದ ಆ ಒಂದು ಹಾಳೆ ಅವನ ಪಾಲಿಗೆ ಬೆಲೆಬಾಳುವುದು ಇಲ್ಲೇ.

ಇನ್ನು ಕಾರಿನ ಕಥೆ. ಗ್ಯಾರೇಜಿನ ಮೇಸ್ತ್ರಿ ಬುದ್ಧಿವಂತ. "ಸರ್ವೇಯರ್ ನೋಡೋ ಮುಂಚೆ ಒಂದ್ ಬೋಲ್ಟೂ ಬಿಚ್ಚಲ್ಲ" ಎಂದ. ಅಂದಾಜು ಮಾತ್ರ ಕೊಟ್ಟ: ಬಂಪರ್ 4,800, ಹೆಡ್‌ಲೈಟ್ 3,000, ಮಡ್‌ಗಾರ್ಡ್ 3,200, ಬಣ್ಣ 4,000, ಕೂಲಿ 2,500. ಒಟ್ಟು 17,500 ರೂಪಾಯಿ. ಪೂರ್ತಿ ವಿಮೆ ಇದೆಯಲ್ಲ, ಪೂರ್ತಿ ದುಡ್ಡು ಬರುತ್ತದೆ ಅಂದುಕೊಂಡಿದ್ದರು ಯಜಮಾನರು.

ಅಂಗಡಿಯ ಲೆಕ್ಕದ ಗುಮಾಸ್ತ ರದ್ದಿ ಕಾಗದ ಎಳೆದುಕೊಂಡ. ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಸವಕಲು ಅಂತ ಅರ್ಧ ಕಡಿತ. ಬಂಪರಿಗೆ 2,400 ಹೋಯಿತು, ಹೆಡ್‌ಲೈಟಿಗೆ 1,500. ಐದು ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೆ ನೂರಕ್ಕೆ 40, ಅಂದರೆ 1,280. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗ ಸಾಮಗ್ರಿ ಎಂದು ಹಿಡಿದು ಅದರಲ್ಲರ್ಧ, 500. ಇದೆಲ್ಲ ಕಳೆದ ಮೇಲೆ 1,500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ಮಾಲೀಕನೇ ಹೊರಬೇಕಾದ 1,000. ಕೈಗೆ ಬರುವುದು 10,820.

"ಬರ್ಲಿ ಬಿಡು, ಅಷ್ಟಾದ್ರೂ" ಎಂದರು ಯಜಮಾನರು. ಗುಮಾಸ್ತ ಪೆನ್ನು ಬಿಡಲಿಲ್ಲ. ನಾಲ್ಕು ವರ್ಷ ಕ್ಲೇಮ್ ಮಾಡದೆ ಇದ್ದದ್ದಕ್ಕೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 45 ರಿಯಾಯಿತಿ ಸಿಕ್ಕಿತ್ತು, ಮುಂದಿನ ಸಲ 50 ಸಿಗಬೇಕು. ಕ್ಲೇಮ್ ಮಾಡಿದರೆ ಅದು ಸೊನ್ನೆಗಿಳಿಯುತ್ತದೆ. ಆಮೇಲೆ ಮತ್ತೆ ಮೆಟ್ಟಿಲು ಹತ್ತಬೇಕು: 20, 25, 35, 45. ರಿಯಾಯಿತಿ ಇಲ್ಲದ ಕಂತು 8,000 ಎಂದು ಹಿಡಿದರೆ ಐದು ವರ್ಷದಲ್ಲಿ ಕೈಬಿಡುವ ರಿಯಾಯಿತಿ 4,000, 2,400, 2,000, 1,200, 400. ಕೂಡಿದರೆ ಸರಿಯಾಗಿ 10,000. ಗಾಡಿ ಹಳತಾದಂತೆ ಕಂತೂ ಇಳಿಯುವುದರಿಂದ ಇಷ್ಟು ಹೋಗಲಿಕ್ಕಿಲ್ಲ, ನಿಜ. ಆದರೂ ಕಾಗದದ ಕೊನೆಯಲ್ಲಿ ಉಳಿದ ಅಂಕಿ 820 ರೂಪಾಯಿ. ಕಂಪನಿ ಆಫೀಸಿಗೆ ಓಡಾಡುವಾಗ ಅಂಗಡಿ ಯಾರು ನೋಡಿಕೊಳ್ಳುವುದು ಅನ್ನುವ ಪ್ರಶ್ನೆ ಬೇರೆ.

ಬಸ್ ನಿಲ್ದಾಣದವರೆಗೆ ಸ್ಕೂಟರಿನಲ್ಲಿ ಬರುವವರಿಗೂ ಒಂದು ಮಾತು. 75ರಿಂದ 150 ಸಿಸಿವರೆಗಿನ ದ್ವಿಚಕ್ರಕ್ಕೆ 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ಅದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ ದಂಡ 2,000, ಎರಡನೇ ಸಲ 4,000. ಢಿಕ್ಕಿಯಾದರೆ ಆಟೋದವನ ಮಣಿಕಟ್ಟಿನ ಖರ್ಚು ಪೂರ್ತಿ ಸ್ವಂತ ಜೇಬಿನದು. ಕಂಪನಿಯವರು ಸುಮ್ಮನೆ ಸತಾಯಿಸಿದರೆ, ಮೊದಲು ಅವರಿಗೇ ಬರಹದಲ್ಲಿ ದೂರು ಕೊಟ್ಟು ಒಂದು ತಿಂಗಳು ಕಾದು, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಯಜಮಾನರು ಕಾರಿನ ಕ್ಲೇಮ್ ಫಾರಂ ತುಂಬಲಿಲ್ಲ. ಹೆಡ್‌ಲೈಟ್ ಮಾತ್ರ ಹಾಕಿಸಿದ್ದಾರೆ. ಬಂಪರನ್ನು ಅಂಗಡಿಯದೇ ಸುತಲಿ ದಾರದಲ್ಲಿ ಬಿಗಿದಿದ್ದಾರೆ, ದೀಪಾವಳಿ ವ್ಯಾಪಾರ ಮುಗಿಯಲಿ ಎಂದು. ಆಟೋದವನ ಅರ್ಜಿ ಕಂಪನಿಯ ಮೇಜಿನ ಮೇಲಿದೆ. ಅವನು ದಿನ ಬಿಟ್ಟು ದಿನ ಬಂದು ಗಲ್ಲಾಪೆಟ್ಟಿಗೆ ಪಕ್ಕದ ಸ್ಟೂಲಿನಲ್ಲಿ ಕೂರುತ್ತಾನೆ. ಟೀ ಬರುತ್ತದೆ, ಎಡಗೈಯಲ್ಲಿ ಲೋಟ ಹಿಡಿದು ಕುಡಿಯುತ್ತಾನೆ, "ಏನಾರ ಬಂತೇನ್ರೀ?" ಎಂದು ಕೇಳುತ್ತಾನೆ.