ಎರೆಹೊಲದ ಇಲಿಗಳೂ ಎಲಿಯಟ್ ಸಾಹೇಬನೂ

ಪ್ರಾಣಿಸಂಗ್ರಾಹಕನೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಿಮಗಿರಿಯ ಕಣಿವೆ, ಮರಳುಗಾಡಿನ ಒಂಟೆಸಾಲು, ಹೆಗಲ ಮೇಲೊಂದು ಕೋವಿ. ಆದರೆ ಹುಬ್ಬಳ್ಳಿಯ ಗೋಪನಕೊಪ್ಪದಿಂದ ನವಲಗುಂದ, ಅಣ್ಣಿಗೇರಿಗಳ ಕಡೆಗೆ ಹೊರಟವರಿಗೆ ಎದುರಾಗುವ ಕರಿಯ ಎರೆಹೊಲಗಳೂ ಇನ್ನೂರು ವರ್ಷಗಳ ಹಿಂದೆ ಪ್ರಾಣಿಶಾಸ್ತ್ರಕ್ಕೆ ಅಷ್ಟೇ ಅಪರಿಚಿತವಾಗಿದ್ದವು. ಈ ನಾಡಿನ ಪ್ರಾಣಿಗಳನ್ನು ಮೊದಲು ಕ್ರಮವಾಗಿ ಪಟ್ಟಿಮಾಡಿದವನು ವಾಲ್ಟರ್ ಎಲಿಯಟ್.

1803ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಎಲಿಯಟ್ಟನು ಕಂಪನಿ ಸರಕಾರದ ನೌಕರನಾಗಿ ಮದರಾಸಿಗೆ ಬಂದು, ಅಲ್ಲಿಂದ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಕೆಳಗೆ ಸೇರಿದನು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಮಡಿದನು. ಇಪ್ಪತ್ತೊಂದರ ಎಲಿಯಟ್ಟನು ಸ್ಟೀವನ್‌ಸನ್ ಎಂಬ ಜೊತೆಗಾರನೊಡನೆ ರಾಣಿ ಚೆನ್ನಮ್ಮನ ಸೆರೆಯಾದನು. ಡಿಸೆಂಬರಿನಲ್ಲಿ ಬಿಡುಗಡೆ ದೊರೆಯಿತು. ಬೇರೊಬ್ಬನಾಗಿದ್ದರೆ ಆ ಸೀಮೆಯ ಹೆಸರೆತ್ತುತ್ತಿರಲಿಲ್ಲವೇನೋ. ಈತನಾದರೋ 1833ರವರೆಗೂ ಇಲ್ಲಿಯೇ ಉಳಿದು, ಒಂದು ಕಡೆ ಶಿಲಾಶಾಸನಗಳನ್ನೂ ಇನ್ನೊಂದು ಕಡೆ ಪ್ರಾಣಿಗಳನ್ನೂ ಸಂಗ್ರಹಿಸಿದನು.

ಹುಲಿ ಚಿರತೆಗಳ ವರ್ಣನೆಗೆ ಬೇಟೆಗಾರರಿಗೆ ಬರವಿಲ್ಲ. ಹೊಲದ ಇಲಿಯ ಬಾಳನ್ನು ಬಲ್ಲವರು ಯಾರು? ಕೆರೆ ತೋಡುವ ವಡ್ಡರು. ಎಲಿಯಟ್ಟನು ಅವರಿಂದ ಕೇಳಿ ಕಲಿತನು. ‘ಕೋಕ್’ ಎಂಬ ಹೆಗ್ಗಣವು ನೆಲದೊಳಗೆ ತನ್ನದೇ ಹಗೇವು ಮಾಡಿಕೊಂಡು ಸುಗ್ಗಿಯಲ್ಲಿ ಕಾಳು ಕೂಡಿಡುತ್ತದೆ. ಒಂದೇ ಬಿಲದಲ್ಲಿ ಅರ್ಧ ಸೇರಿನಷ್ಟು ಕಾಳು, ಇಡಿಯ ಜೋಳದ ತೆನೆಗಳು ಕೂಡ, ಸಿಗುವುದುಂಟು. ಹೆಗ್ಗಣವೂ ಆಹಾರ, ಅದರ ಕಣಜವೂ ಆಹಾರ. ಸುಗ್ಗಿಯ ದಿನಗಳಲ್ಲಿ ವಡ್ಡರು ಬಹುಪಾಲು ಈ ಕಾಳಿನಿಂದಲೇ ಹೊಟ್ಟೆ ಹೊರೆಯುತ್ತಿದ್ದರೆಂದು ಅವನು ಬರೆದಿದ್ದಾನೆ.

ವಡ್ಡರು ‘ಮೆಟ್ಟಾಡೆ’ ಎನ್ನುತ್ತಿದ್ದ ಮೃದುರೋಮದ ಇಲಿಯ ಕಥೆ ಇನ್ನೂ ಘೋರವಾದುದು. ಬೇಸಗೆಯಲ್ಲಿ ಎರೆಭೂಮಿ ಬಾಯಿಬಿಟ್ಟಾಗ ಅದು ಬಿರುಕುಗಳಲ್ಲಿಯೇ ಸಂಸಾರ ಹೂಡುತ್ತದೆ. ಮಳೆ ಬಿದ್ದು ಬಿರುಕು ಮುಚ್ಚಿಕೊಂಡರೆ ಸಾವಿರಾರು ಇಲಿಗಳಿಗೆ ಅದೇ ಗೋರಿ. ಹೀಗೆ ವರ್ಷವರ್ಷವೂ ಮುಂಗಾರೇ ಇಲಿಗಳ ಸಂಖ್ಯೆಗೆ ಕಡಿವಾಣ ಹಾಕುತ್ತಿತ್ತು. 1826ರಲ್ಲಿ ಮಳೆಗಾಲದ ಆರಂಭದಲ್ಲಿಯೇ ಮಳೆ ಕೈಕೊಟ್ಟಿದ್ದರಿಂದ ಆ ಕಡಿವಾಣ ತಪ್ಪಿತು. ಬಿತ್ತಿದ ಬೀಜ ಮೊಳೆಯುವ ಮೊದಲೇ ಮಾಯ. ಉಳಿದ ಪೈರು ತೆನೆಗಟ್ಟಿದಾಗ ಇಲಿಗಳು ದಂಟನ್ನೇರಿ ತೆನೆ ಕತ್ತರಿಸಿದವು. ಹೊಲಕ್ಕೆ ಹೊಲವೇ ಹಾಳಾಗಿ ರೈತರಿಗೆ ಕಂದಾಯ ಕಟ್ಟುವುದು ಅಸಾಧ್ಯವಾಯಿತು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳೆಂದು ಗೊತ್ತುಮಾಡಿ ವಡ್ಡರಿಂದ ಸಾವಿರಗಟ್ಟಲೆ ಕೊಲ್ಲಿಸಿದರೂ ಇಲಿಗಳು ಕಡಿಮೆಯಾದಂತೆ ಕಾಣಲಿಲ್ಲ.

ಎಲಿಯಟ್ಟನ ಸಂಗ್ರಹದ ಮಾದರಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದವು. 1837ರಲ್ಲಿ ಅಲ್ಲಿನ ಜಾನ್ ಎಡ್ವರ್ಡ್ ಗ್ರೇ ಅವುಗಳಿಗೆ ಹೆಸರಿಟ್ಟನು. ಪೊದೆಗಳ ಬುಡದಲ್ಲಿ ವಾಸಿಸುವ, ಕನ್ನಡಿಗರ ‘ಗುಲಂಡಿ’ಯು ‘ಗೋಲುಂಡಾ ಎಲಿಯೋಟೈ’ ಆಯಿತು. ‘ಕೋಕ್’ ಕೂಡ ಲ್ಯಾಟಿನ್ ಹೆಸರಿನೊಳಗೆ ಸೇರಿತು. ಮೆಟ್ಟಾಡೆಯು ಅಚ್ಚಿನಲ್ಲಿ ‘ಮೆಲ್ಟಾಡಾ’ ಎಂದು ತಿರುಚಿಕೊಂಡು, ಇಂದು ‘ಮಿಲಾರ್ಡಿಯಾ ಮೆಲ್ಟಾಡಾ’ ಆಗಿ ನಿಂತಿದೆ. 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ತನ್ನ ಪಟ್ಟಿಯನ್ನು ಪ್ರಕಟಿಸಿದಾಗ ಎಲಿಯಟ್ಟನು, ಅದರಲ್ಲಿ ದೇಶಭಾಷೆಗಳ ಹೆಸರುಗಳೂ ಇವೆಯೆಂದು ಶೀರ್ಷಿಕೆಯಲ್ಲಿಯೇ ಸಾರಿದನು.

ಮುಂದೆ ಅವನ ಕೀರ್ತಿ ಹಬ್ಬಿತು. ಭಾರತದಿಂದ ಅವನು ಕಳುಹಿಸಿದ ಪಾರಿವಾಳದ ಚರ್ಮಗಳಿಗಾಗಿ ಡಾರ್ವಿನ್ 1859ರ ತನ್ನ ಮಹಾಗ್ರಂಥದಲ್ಲಿ ಕೃತಜ್ಞತೆ ಹೇಳಿದ್ದಾನೆ. 1887ರಲ್ಲಿ ಎಲಿಯಟ್ಟನು ತೀರಿಕೊಂಡನು. ಅವನ ಹೆಸರು ಗುಲಂಡಿಯೊಡನೆ ಉಳಿಯಿತು. ಬಿಲ ಅಗೆದು ತೋರಿಸಿದ ವಡ್ಡರಲ್ಲಿ ಒಬ್ಬನ ಹೆಸರೂ ಯಾವ ಇಲಿಗೂ ಅಂಟಲಿಲ್ಲ. ಆದರೆ ಅವರ ಮಾತು ಅಂಟಿತು. ಹುಬ್ಬಳ್ಳಿ ಬೆಳೆದು ಎರೆಹೊಲಗಳು ಮನೆನಿವೇಶನಗಳಾಗುತ್ತಿರುವ ಈ ಕಾಲದಲ್ಲಿ ‘ಮೆಟ್ಟಾಡೆ’ ಎಂದರೆ ತಿಳಿಯುವವರು ನಮ್ಮಲ್ಲಿ ವಿರಳ. ಜಗತ್ತಿನ ಪ್ರಾಣಿಶಾಸ್ತ್ರಜ್ಞರ ಬಾಯಲ್ಲಿ ಮಾತ್ರ ಆ ಮಾತು, ತುಸು ತೊದಲಾದರೂ, ಇನ್ನೂ ಬದುಕಿದೆ.